ಅಳತೆ ತಪ್ಪದ ಮನುಷ್ಯ

ನನ್ನ ಗಂಡನಿಗೆ ಮರೆವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವರ ಕಾಯಿಲೆಯ ವಿಷಯ ಗೊತ್ತಾದವರೆಲ್ಲ ಮುಖ ಸಣ್ಣದು ಮಾಡಿಕೊಂಡು ಕೇಳುವುದು ಒಂದೇ ಪ್ರಶ್ನೆ: "ನಿಮ್ಮ ಗುರುತಾದ್ರೂ ಸಿಗತ್ತಾ?" ಸಿಗುತ್ತದೆ. ಚೆನ್ನಾಗಿಯೇ ಸಿಗುತ್ತದೆ. ಮದುವೆಯ ದಿನ ನಾನು ತೊಟ್ಟಿದ್ದ ರವಿಕೆಯ ತೋಳು ಅರ್ಧ ಇಂಚು ಉದ್ದವಾಗಿತ್ತು ಎನ್ನುವುದೂ ಅವರಿಗೆ ನೆನಪಿದೆ. ಮರೆವು ಇದ್ದದ್ದು ಅವರ ತಾಯಿಗೆ, ಅಂದರೆ ನನ್ನ ಅತ್ತೆಗೆ. ಡಾಕ್ಟರ ಚೀಟಿಯಲ್ಲಿ ಇಬ್ಬರ ಹೆಸರಿನ ಮುಂದೆಯೂ ಡಿಮೆನ್ಷಿಯಾ, ಅಂದರೆ ಬುದ್ಧಿ ಸೊರಗುವ ಕಾಯಿಲೆ, ಎಂದೇ ಇತ್ತು. ಆದರೆ ಅತ್ತೆಗೆ ಹೋದದ್ದು ಇವರಿಗೆ ಉಳಿದಿತ್ತು, ಇವರಿಗೆ ಹೋದದ್ದು ಅತ್ತೆಗೆ ಉಳಿದಿತ್ತು. ಆ ವ್ಯತ್ಯಾಸ ನನ್ನ ತಲೆಗೆ ಸರಿಯಾಗಿ ಹೋಗುವಷ್ಟರಲ್ಲಿ ಅತ್ತೆಯ ಜೀವ ಹೋಗಿತ್ತು.

ಇವರು ಕಟಿಂಗ್ ಮಾಸ್ಟರ್. ಬೀದಿಯಲ್ಲಿ ಮಾಸ್ಟರ್ ಎಂದರೆ ಇವರೇ. ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಕಿಟಕಿಯ ಬೆಳಕು ಬೀಳುವ ಕಡೆ ಕಟಿಂಗ್ ಮೇಜು, ಗೋಡೆಗೆ ಆನಿಸಿದ ಎರಡು ಮಿಷನ್ನು, ಬಾಗಿಲ ಪಕ್ಕದಲ್ಲಿ ಅತ್ತೆಯ ಕುಳ್ಳು ಸ್ಟೂಲು. ಇವರು ಕತ್ತರಿಸಬೇಕು, ನಾನು ಹೊಲಿಯಬೇಕು, ಅತ್ತೆ ಕಾಜಾ, ಗುಂಡಿ, ಅಂಚು ಮಡಿಚಿ ಹೊಲಿಯುವ ಹೆಮ್ಮಿಂಗು ಮುಗಿಸಬೇಕು. ಅತ್ತೆಯ ಹೆಮ್ಮಿಂಗು ಕಾಣಬೇಕೆಂದರೆ ಕನ್ನಡಕ ಹಾಕಿಕೊಂಡು ಹುಡುಕಬೇಕಿತ್ತು. ನನ್ನ ಹೊಲಿಗೆಯನ್ನು ಮಾತ್ರ ಕೈಯಲ್ಲಿ ಹಿಡಿದು, "ಇದರ ಮೇಲೆ ಬಸ್ಸು ಓಡಿಸಬಹುದು ಕಣೆ" ಎನ್ನುತ್ತಿದ್ದರು. ನನಗೂ ಬಾಯಿ ಇತ್ತು. ನಮ್ಮಿಬ್ಬರ ಮಾತಿನ ಜಟಾಪಟಿ ಕೇಳುವುದಕ್ಕೆಂದೇ ಕೆಲವು ಗಿರಾಕಿಗಳು ಬೇಗ ಬಂದು ಕೂರುತ್ತಿದ್ದರು.

ಇವರ ಕೆಲಸದ ಗುಟ್ಟು ಕತ್ತರಿಯಲ್ಲಿ ಇರಲಿಲ್ಲ, ಬೆರಳಲ್ಲಿತ್ತು. ಗಿರಾಕಿಯನ್ನು ನಿಲ್ಲಿಸಿ, ಟೇಪು ಹಿಡಿದು, ಅಳತೆಯನ್ನು ಗಟ್ಟಿಯಾಗಿ ಕೂಗುವರು. ನಾನು ಪುಸ್ತಕದಲ್ಲಿ ಬರೆದುಕೊಳ್ಳುವೆ. ಆದರೆ ಯಾರ ಮೈ ತಾನೇ ಟೇಪಿನಷ್ಟು ನೇರವಾಗಿರುತ್ತದೆ? ಒಬ್ಬರ ಒಂದು ಭುಜ ಇಳಿದಿರುತ್ತದೆ, ಇನ್ನೊಬ್ಬರ ಹೊಟ್ಟೆ ಮುಂದೆ ಬಂದಿರುತ್ತದೆ, ಮತ್ತೊಬ್ಬರ ಬೆನ್ನು ಗೂನಾಗಿರುತ್ತದೆ. ಅದನ್ನು ಇವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮೇಜಿನ ಮೇಲೆ ಬೆರಳಲ್ಲಿ ಕುಟ್ಟುತ್ತಿದ್ದರು. ಒಂದು ಸಲ ಕುಟ್ಟಿದರೆ ಕಾಲಿಂಚು ಹೆಚ್ಚು, ಎರಡು ಸಲಕ್ಕೆ ಅರ್ಧ. ಬಾಯಲ್ಲಿ ಹೇಳಿದ್ದು ಗಿರಾಕಿಗೆ, ಬೆರಳಲ್ಲಿ ಹೇಳಿದ್ದು ನನಗೆ. ಕೋಟಿನ ಒಂದು ಭುಜಕ್ಕೆ ಸದ್ದಿಲ್ಲದೆ ದಪ್ಪ ಪ್ಯಾಡು ಬೀಳುತ್ತಿತ್ತು, ಗಿರಾಕಿ ಕನ್ನಡಿಯ ಮುಂದೆ ನಿಂತು ತಾನು ನೆಟ್ಟಗಿದ್ದೇನೆ ಎಂದುಕೊಂಡು ಖುಷಿಯಾಗಿ ಹೋಗುತ್ತಿದ್ದ. ಅಂಥ ಮನುಷ್ಯ ನನ್ನ ಗಂಡ. ನಾನು ಅವರನ್ನು ಮೆಚ್ಚಿದ್ದೂ ಅದಕ್ಕೇ.

ಅವರಿಗೆ ಐವತ್ಮೂರಾದ ವರ್ಷ ಆ ಕುಟ್ಟುವುದು ನಿಂತಿತು.

ನಾನು ಗಮನಿಸಿದ್ದು ಹೈಸ್ಕೂಲು ಮೇಷ್ಟ್ರು ಬಂದ ದಿನ. ಇಪ್ಪತ್ತು ವರ್ಷದ ಹಳೇ ಗಿರಾಕಿ, ಮಗಳ ಮದುವೆಗೆ ಕೋಟು ಹೊಲಿಸಲು ಹೆಂಡತಿ, ಬೀಗರ ಸಮೇತ ಬಂದಿದ್ದರು. ಇವರು ಟೇಪು ಹಿಡಿದು ಅಳತೆ ಕೂಗಿದರು. ನಾನು ಮೇಜಿನ ಕಡೆ ಕಿವಿ ಕೊಟ್ಟು ಕಾದೆ. ಇವರು ಮೇಷ್ಟ್ರ ಮುಖ ನೋಡಿ, ಹವಾಮಾನ ವರದಿ ಓದಿದ ಹಾಗೆ ಹೇಳಿದರು: "ನಿಮ್ಮ ಬಲಭುಜ ಒಂದೂಕಾಲು ಇಂಚು ಇಳಿದಿದೆ. ಬೆನ್ನು ಗೂನು. ಮೊದಲಿಂದ್ಲೂ ಹಾಗೇ. ಪ್ಯಾಡ್ ಹಾಕಿ ಮುಚ್ತಿದ್ದೆ."

ಮೇಷ್ಟ್ರು ನಕ್ಕರು. ಯಾರೂ ಜೊತೆಗೆ ನಗದಿದ್ದಾಗ ಅವರ ಮುಖ ಇಳಿದುಹೋಯಿತು. ಬೀಗರು ಕಿಟಕಿಯ ಆಚೆ ನೋಡತೊಡಗಿದರು. ಅತ್ತೆ ಸ್ಟೂಲಿನಿಂದ, "ಅವನಿಗೆ ಜ್ವರ ಮೇಷ್ಟ್ರೇ, ಬೆಳಗ್ಗೆಯಿಂದ ಏನೇನೋ ಬಡಬಡಿಸ್ತಿದ್ದಾನೆ" ಎಂದರು. ಆಗಲೇ ಅತ್ತೆಗೆ ನೆನಪು ಕೈಕೊಡಲು ಶುರುವಾಗಿತ್ತು. ಬೆಳಗಿನ ತಿಂಡಿ ತಿಂದದ್ದು ಹತ್ತು ಗಂಟೆಗೆ ಮರೆತಿರುತ್ತಿತ್ತು. ಆದರೂ ಒಬ್ಬ ಮನುಷ್ಯನ ಮಾನ ಹೋಗುತ್ತಿದೆ ಎನ್ನುವುದು ಅವರಿಗೆ ತಟ್ಟನೆ ತಿಳಿಯಿತು. ಇವರಿಗೆ ತಿಳಿಯಲಿಲ್ಲ. ಮೇಷ್ಟ್ರು ಹೋದ ಮೇಲೆ ನಾನು ಇವರ ಮೇಲೆ ಕೂಗಾಡಿದೆ. "ಅಳತೆ ಸರಿಯಾಗೇ ಇದೆಯಲ್ಲ?" ಎಂದರು.

ಅಲ್ಲಿಂದ ಒಂದೊಂದೇ ಶುರುವಾಯಿತು. ಗಿರಾಕಿಗಳ ಎದುರು ಅಂಗಿ ಬಿಚ್ಚಿ ಕೂರುವರು. ಸಕ್ಕರೆ ಡಬ್ಬಕ್ಕೆ ಚಮಚ ಹಾಕಿ ನಿಂತಲ್ಲೇ ತಿನ್ನುವರು. ನನ್ನ ಅಣ್ಣ ಸತ್ತ ಸುದ್ದಿ ಫೋನಿನಲ್ಲಿ ಬಂದಾಗ ನಾನು ನಡುಮನೆಯಲ್ಲಿ ಕುಸಿದು ಕೂತು ಅಳುತ್ತಿದ್ದೆ. "ಸ್ವಲ್ಪ ಪಕ್ಕಕ್ಕೆ ಸರಿ, ಟಿವಿ ಕಾಣ್ತಿಲ್ಲ" ಎಂದರು. ಈಗ ಹೇಳಲು ನಾಚಿಕೆಯಿಲ್ಲ, ನಾನು ಅವರನ್ನು ವರ್ಷವಿಡೀ ದ್ವೇಷಿಸಿದೆ. ಬೇರೆ ಯಾರೋ ಇದ್ದಾಳೆ ಎಂದುಕೊಂಡೆ. ಜೇಬು ತಡಕಿದೆ, ಹಿಂದೆಯೇ ಹೋಗಿ ನೋಡಿದೆ. ಯಾರೂ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಾಲು ಕೆರೆದು ಜಗಳವಾಡಲು ಒಬ್ಬಳು ಸಿಗುತ್ತಿದ್ದಳು.

ಕೊನೆಗೆ ಅತ್ತೆಯನ್ನು ಡಾಕ್ಟರಿಗೆ ತೋರಿಸುವ ನೆಪದಲ್ಲಿ ಇವರನ್ನೂ ಕರೆದುಕೊಂಡು ಹೋದೆ. ಡಾಕ್ಟರು ಇಬ್ಬರಿಗೂ ಒಂದೇ ಪರೀಕ್ಷೆ ಮಾಡಿದರು. ಇದು ಯಾವ ವರ್ಷ ಎಂದು ಕೇಳಿದ್ದಕ್ಕೆ ಅತ್ತೆ, "ಇಷ್ಟು ಓದಿದ್ದೀರಿ, ನಿಮಗೇ ಗೊತ್ತಿಲ್ವಾ?" ಎಂದರು. ಮೂರು ಪದ ಹೇಳಿ ಐದು ನಿಮಿಷ ಬಿಟ್ಟು ಕೇಳಿದರೆ, "ಯಾವಾಗ ಹೇಳಿದ್ರಿ?" ಎಂದು ಅವರನ್ನೇ ದಬಾಯಿಸಿದರು. ಇವರು ಮೂರು ಪದವನ್ನೂ ಹೇಳಿದರು, ನೂರರಿಂದ ಏಳೇಳು ಕಳೆಯುತ್ತ ಸರಸರ ಇಳಿದರು, ಡಾಕ್ಟರ ಅಂಗಿಯ ಕಾಲರು ಹದಿನೈದೂವರೆ ಎಂದು ಕೇಳದೆಯೇ ಸೇರಿಸಿದರು. ಡಾಕ್ಟರು ನನ್ನ ಕಡೆ ತಿರುಗಿ, "ನಿಮ್ಮ ಯಜಮಾನರಿಗೆ ಏನೂ ಆಗಿಲ್ಲಮ್ಮ. ನೀವೇ ಸ್ವಲ್ಪ ರೆಸ್ಟ್ ತಗೊಳ್ಳಿ" ಎಂದರು. ಮೈಯೆಲ್ಲ ಉರಿದುಹೋಯಿತು. ನೂರಕ್ಕೆ ನೂರು ತೆಗೆದುಕೊಂಡ ಗಂಡನನ್ನು ಕರೆದುಕೊಂಡು ಮನೆಗೆ ಬಂದೆ.

ಇನ್ನೊಂದು ವರ್ಷ ಹಾಗೇ ಕಳೆಯಿತು. ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟುಹೋದರು. ಆಮೇಲೆ ಯಾರೋ ಹೇಳಿದ್ದು ಕೇಳಿ ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿಯ ಕಾರಿಡಾರಿನ ಬೆಂಚಿನಲ್ಲಿ ಕೂತಾಗಲೇ ನನಗೆ ತಿಳಿದದ್ದು, ಬುದ್ಧಿ ಕೆಡುವುದಕ್ಕೆ ಒಂದೇ ದಾರಿ ಇಲ್ಲ ಎಂದು. ನನ್ನ ಪಕ್ಕ ಒಬ್ಬ ಎಲೆಕ್ಟ್ರೀಷಿಯನ್ ಕೂತಿದ್ದ. ಅವನಿಗೆ ಫ್ಯಾನಿನ ಮೇಲೆ ಮೂರು ಮಕ್ಕಳು ಕೂತದ್ದು ಕಾಣುತ್ತಿತ್ತಂತೆ. "ಇಲ್ಲ ಅಂತ ಗೊತ್ತು ಮೇಡಂ, ಆದ್ರೂ ಬಿದ್ದುಬಿಡ್ತಾರೇನೋ ಅಂತ ಭಯ" ಎಂದ. ಅಷ್ಟು ಚೆನ್ನಾಗಿ ಮಾತಾಡಿದವನು ಹತ್ತು ನಿಮಿಷದ ಮೇಲೆ ಹೆಂಡತಿಯ ಮಾತಿಗೂ ತಿರುಗದೆ ಶೂನ್ಯ ನೋಡುತ್ತ ಕೂತ. ಎದುರಿನ ಬೆಂಚಿನಲ್ಲಿ ಒಬ್ಬ ಮುದುಕರು ಹೆಂಡತಿಯ ಕೈ ಹಿಡಿದುಕೊಂಡಿದ್ದರು. ಆಕೆಗೆ ಮಿದುಳಿನ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆ. "ಮೂರು ತಿಂಗಳು ಇದ್ದ ಹಾಗೇ ಇರ್ತಾಳೆ, ಒಂದಿನ ದಡಕ್ಕನೆ ಒಂದು ಮೆಟ್ಟಿಲು ಇಳೀತಾಳೆ. ಈಗ ಲೆಕ್ಕ ಮಾಡೋದು ಬಿಟ್ಟಿದ್ದೀನಿ" ಎಂದರು. ಅತ್ತೆ ಆಕೆಯ ಹತ್ತಿರ ಹೋಗಿ ರವಿಕೆಯ ಬಿಚ್ಚಿಹೋದ ಗುಂಡಿಯನ್ನು ಹಾಕಿ ಬಂದರು.

ಅಲ್ಲಿಯ ಡಾಕ್ಟರು ವಯಸ್ಸಾದ ಹೆಂಗಸು, ಒಂದು ಮಾತನ್ನೂ ಸುತ್ತಿ ಬಳಸಿ ಹೇಳುವವರಲ್ಲ. ಇಬ್ಬರ ಸ್ಕ್ಯಾನನ್ನೂ ದೀಪದ ಮುಂದೆ ಹಿಡಿದು ತೋರಿಸಿದರು. ಅತ್ತೆಗೆ ಹಾಳಾಗುತ್ತಿದ್ದದ್ದು ಹೊಸದನ್ನು ಹಿಡಿದಿಟ್ಟುಕೊಳ್ಳುವ ಜಾಗ. ಅದಕ್ಕೇ ಹಳೆಯದು, ಕೈಯ ಅಭ್ಯಾಸ, ಮರುಕ, ನಾಚಿಕೆ ಎಲ್ಲ ಸದ್ಯಕ್ಕೆ ಉಳಿದಿತ್ತು. ಇವರಿಗೆ ಹಣೆಯ ಹಿಂದಿನ ಭಾಗ ಸೊರಗುತ್ತಿತ್ತು. ನೆನಪಿನ ಜಾಗಕ್ಕೆ ಇನ್ನೂ ಏನೂ ಆಗಿರಲಿಲ್ಲ.

"ಅಂದ್ರೆ ಇವರು ಕೆಟ್ಟವರಾಗಿಲ್ವಾ?" ಎಂದು ಕೇಳಿದೆ. ಎಂಥ ದಡ್ಡ ಪ್ರಶ್ನೆ! ಆದರೆ ಎರಡು ವರ್ಷದಿಂದ ನನ್ನ ಎದೆಯಲ್ಲಿ ಇದ್ದದ್ದು ಅದೊಂದೇ.

"ಇಲ್ಲಮ್ಮ. ಎದುರಿನವರಿಗೆ ನೋವಾಗ್ತಿದೆ ಅನ್ನೋದು ಇವರಿಗೆ ತಟ್ಟಲ್ಲ, ಅಷ್ಟೇ. ಒಂದು ಮಾತು ಕೇಳಿ. ನೆನಪು ಚೆನ್ನಾಗಿದೆ ಅಂತ ಇವರ ಮೇಲೆ ಯಾವ ಜವಾಬ್ದಾರಿನೂ ಹಾಕ್ಬೇಡಿ. ನೆನಪಿರೋದು ಬೇರೆ, ಈಗ ಏನು ಮಾಡ್ಬೇಕು ಅಂತ ತೋಚೋದು ಬೇರೆ."

ನಾನು ತಲೆಯಾಡಿಸಿದೆ. ಆ ದಿನ ಕಾರಿಡಾರಿನಲ್ಲೇ ಅತ್ತೆಯ ಹೆಗಲಿಗೆ ಒರಗಿ ಅತ್ತುಬಿಟ್ಟೆ. "ಯಾಕಮ್ಮ, ಯಾರೇನಂದ್ರು?" ಎಂದು ಅತ್ತೆ ಬೆನ್ನು ಸವರಿದರು. ನಾನು ಯಾರೆಂದು ಆ ಹೊತ್ತಿಗೆ ಅವರಿಗೆ ಗೊತ್ತಿತ್ತೋ ಇಲ್ಲವೋ.

ಅಂಗಡಿ ಮುಚ್ಚಿದೆವು. ಮನೆ ನಡೆಯಬೇಕಲ್ಲ, ನಾನು ಸಿದ್ಧ ಉಡುಪಿನ ಕಾರ್ಖಾನೆ ಸೇರಿದೆ. ಸಾಲುಸಾಲಾಗಿ ಬರುವ ಅಂಗಿಗಳನ್ನು ತಿರುಗಿಸಿ ಮುರುಗಿಸಿ ನೋಡಿ, ತಪ್ಪಿದ್ದಲ್ಲಿ ಕೆಂಪು ಚೀಟಿ ಅಂಟಿಸುವ ಕೆಲಸ. ಬೆಳಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ವಾಪಸಾಗುವುದು ಆರು ಗಂಟೆಗೆ. ಅತ್ತೆಯನ್ನು ಯಾರು ನೋಡಿಕೊಳ್ಳಬೇಕು? ನಮಗೆ ಮಕ್ಕಳಿಲ್ಲ. ಪಕ್ಕದ ಮನೆಯ ಕಂಡಕ್ಟರ ಹೆಂಡತಿ ಮೊದಲ ಒಂದು ವಾರ ಬಂದು ಹೋಗಿ ಮಾಡಿದಳು. ಅವಳಿಗೂ ಅವಳ ಮನೆ ಇದೆ. ಅತ್ತೆಯನ್ನು ಒಬ್ಬರನ್ನೇ ಬಿಟ್ಟರೆ ಒಲೆ ಹಚ್ಚಿಟ್ಟು ಮರೆಯುವರು, ಬೀದಿಗಿಳಿದರೆ ಮನೆ ಯಾವುದೆಂದು ತಿಳಿಯದೆ ನಿಲ್ಲುವರು.

ಆಗ ನನಗೊಂದು ಉಪಾಯ ಹೊಳೆಯಿತು. ಇವರಿಗೆ ಕಾಯಿಲೆ ಬಂದ ಮೇಲೆ ಗಡಿಯಾರದ ಹುಚ್ಚು ಹಿಡಿದಿತ್ತು. ನಾಲ್ಕು ಗಂಟೆಯ ಚಹಾ ನಾಲ್ಕೂ ಐದಕ್ಕೆ ಬಂದರೆ ಲೋಟ ಮುಟ್ಟುತ್ತಿರಲಿಲ್ಲ. ಬರೆದುಕೊಟ್ಟರೆ ಯಾಕೆ ಮಾಡಬಾರದು? ಬಟ್ಟೆಯ ಮೇಲಿಟ್ಟು ಗೆರೆ ಎಳೆಯುವ ದಪ್ಪ ಕಂದು ಕಾಗದದಲ್ಲಿ ಒಂದು ಹಾಳೆ ಹರಿದು, ಎಡಗಡೆ ಗಂಟೆ, ಬಲಗಡೆ ಕೆಲಸ ಬರೆದೆ. ಒಂಬತ್ತಕ್ಕೆ ಅಮ್ಮನಿಗೆ ಮಾತ್ರೆ, ನೀರು. ಹತ್ತಕ್ಕೆ ಅಮ್ಮನನ್ನು ಬಚ್ಚಲಿಗೆ ಕರೆದೊಯ್ಯುವುದು. ಹನ್ನೊಂದಕ್ಕೆ ಚಹಾ. ಒಂದಕ್ಕೆ ಊಟ, ಒಂದೂವರೆಗೆ ತಟ್ಟೆ ತೊಳೆಯುವುದು. ಎರಡಕ್ಕೆ ದಿಂಬು ಕೊಟ್ಟು ಮಲಗಿಸುವುದು. ನಾಲ್ಕಕ್ಕೆ ಮತ್ತೆ ಚಹಾ. ಇವರು ಒಂದು ಸಲ ಓದಿದರು, ಗೋಡೆಗೆ ಅಂಟಿಸಿದರು, ಮಾರನೇ ದಿನದಿಂದ ಒಂದು ನಿಮಿಷ ಆಚೀಚೆ ಆಗದ ಹಾಗೆ ನಡೆಸಿದರು.

ನಾಲ್ಕು ತಿಂಗಳು ಎಲ್ಲ ಸುಸೂತ್ರವಾಗಿತ್ತು. ಅತ್ತೆ ಹೊತ್ತಿಗೆ ಸರಿಯಾಗಿ ಉಂಡು ಸ್ವಲ್ಪ ಮೈ ಕೈ ತುಂಬಿಕೊಂಡರು. ಮಗನ ಹೆಸರು ಮರೆತು "ಆ ಟೈಲರು" ಎನ್ನುತ್ತಿದ್ದರು. ಆದರೆ ಟೈಲರು ಬರಿಮೈಯಲ್ಲಿ ಕೂತರೆ ಎದ್ದು ಹೋಗಿ ಹೆಗಲಿಗೆ ಟವೆಲು ಹೊದಿಸುವರು, ತಮ್ಮ ಬಿಸ್ಕತ್ತಿನಲ್ಲಿ ಒಂದನ್ನು ಅವನಿಗೆಂದು ಎತ್ತಿಡುವರು. ನಾನು ಕಾರ್ಖಾನೆಯಲ್ಲಿ ಜಂಬ ಕೊಚ್ಚಿಕೊಂಡೆ. "ಒಬ್ಬರಿಗೆ ನೆನಪಿದೆ, ಒಬ್ಬರಿಗೆ ಕರುಳಿದೆ. ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಮನುಷ್ಯ" ಎಂದೆ. ಜೊತೆ ಕೆಲಸದವರೆಲ್ಲ ನಕ್ಕರು. ದೊಡ್ಡಾಸ್ಪತ್ರೆಯ ಡಾಕ್ಟರಿಗೆ ನನ್ನಷ್ಟು ಅನುಭವವಿಲ್ಲ ಎಂದು ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಆ ದಿನ ಆರು ಗಂಟೆಗೆ ಬಾಗಿಲು ತೆಗೆದಾಗ ಇವರು ಎಂದಿನ ಕುರ್ಚಿಯಲ್ಲಿ ಟಿವಿ ನೋಡುತ್ತಿದ್ದರು. ಅತ್ತೆಯ ಸ್ಟೂಲು ಖಾಲಿ, ಹಾಸಿಗೆಯೂ ಖಾಲಿ. "ಅತ್ತೆ ಎಲ್ಲಿ?" ಎಂದೆ.

"ಬಚ್ಚಲಲ್ಲಿ."

ಬಚ್ಚಲಿನ ನೆಲದ ಮೇಲೆ ಅತ್ತೆ ಮಗ್ಗುಲಾಗಿ ಬಿದ್ದಿದ್ದರು. ಒಂದು ಕಾಲು ತಿರುಚಿಕೊಂಡಿತ್ತು. ತುಟಿ ಒಣಗಿ ಬಿಳಿಚಿಕೊಂಡು, ಬಾಯಿ ಆಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ತಲೆಯ ಹತ್ತಿರ ಕೆನೆಗಟ್ಟಿದ ಎರಡು ಲೋಟ ಚಹಾ ಇತ್ತು. ಬೆನ್ನಿನ ಹಿಂದೆ, ಒದ್ದೆ ನೆಲದ ಮೇಲೆ, ನೀಟಾಗಿ ಒಂದು ದಿಂಬು ಇಟ್ಟಿತ್ತು.

ಕಂಡಕ್ಟರ ಹೆಂಡತಿ ನನ್ನ ಕಿರುಚಾಟ ಕೇಳಿ ಓಡಿಬಂದಳು, ಆಂಬುಲೆನ್ಸಿಗೆ ಫೋನು ಮಾಡಿದಳು. ಅದು ಬರುವಷ್ಟರಲ್ಲಿ ಇವರ ಮುಂದೆ ನಿಂತು ಕೇಳಿದೆ, ಯಾವಾಗ ಬಿದ್ದರು ಎಂದು. ಇವರು ಒಂದನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಇದೆ ಎಂದು ಅವರಿಗೆ ಅನ್ನಿಸಿದ್ದರೆ ತಾನೇ?

"ಹತ್ತೂ ಹನ್ನೆರಡಕ್ಕೆ ಬಿದ್ಲು. ಹನ್ನೊಂದೂ ಮುಕ್ಕಾಲಿನವರೆಗೆ ಕೂಗಿದ್ಲು, ಆಮೇಲೆ ನಿಲ್ಲಿಸಿದ್ಲು. ಹನ್ನೊಂದಕ್ಕೆ ಚಹಾ ಇಟ್ಟೆ, ಕುಡೀಲಿಲ್ಲ. ಒಂದು ಗಂಟೆಗೆ ಊಟ ಇಟ್ಟೆ, ತಿನ್ಲಿಲ್ಲ. ಒಂದೂವರೆಗೆ ತಟ್ಟೆ ತೊಳೆದೆ. ಎರಡಕ್ಕೆ ಮಲಗಿಸಬೇಕಿತ್ತು. ಮಲಗೇ ಇದ್ಲು. ದಿಂಬು ಇಟ್ಟೆ."

"ಎತ್ತಬಾರದಿತ್ತಾ? ಪಕ್ಕದ ಮನೆಯವರನ್ನ ಕರೀಬಾರದಿತ್ತಾ?"

ಅವರು ನನ್ನ ಮುಖ ನೋಡಿದರು, ಗೋಡೆಯ ಹಾಳೆ ನೋಡಿದರು. "ಅದು ಬರೆದಿಲ್ಲ" ಎಂದರು. ಕಂಡಕ್ಟರ ಹೆಂಡತಿ ಗೋಡೆಗೆ ಒರಗಿ ಬಿಕ್ಕಿದಳು. "ಕೂಗಿದ್ದು ನಂಗೂ ಕೇಳಿಸ್ತು ಅಕ್ಕ. ದಿನಾ ಏನಾದ್ರೂ ಕೂಗ್ತಿರ್ತಾರಲ್ಲ ಅಂದ್ಕೊಂಡೆ. ಮಾಸ್ಟರ್ ಬೇರೆ ಮನೇಲೇ ಇದ್ರಲ್ಲ." ಅವಳನ್ನು ಯಾವ ಬಾಯಲ್ಲಿ ಬೈಯಲಿ? ಮಾಸ್ಟರ್ ಮನೆಯಲ್ಲೇ ಇದ್ದಾರಲ್ಲ ಎಂದುಕೊಂಡೇ ನಾನೂ ಕೆಲಸಕ್ಕೆ ಹೋಗುತ್ತಿದ್ದೆ.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ತಡೆಯುವ ಶಕ್ತಿ ಅತ್ತೆಗಿರಲಿಲ್ಲ, ಆಮೇಲೆ ಎದೆಯಲ್ಲಿ ಕಫ ಕಟ್ಟಿತು. ಒಂಬತ್ತು ದಿನ ಇದ್ದರು. ಬಿದ್ದದ್ದು ಅವರಿಗೆ ನೆನಪಿರಲಿಲ್ಲ. ಆ ಕಾಯಿಲೆ ಅವರಿಗೆ ಮಾಡಿದ ಒಂದೇ ಉಪಕಾರ ಅದು. ನರ್ಸು ಬಂದು "ಬಿದ್ದದ್ದು ಹೇಗಜ್ಜಿ?" ಎಂದಾಗ, "ಅಯ್ಯೋ ಪಾಪ, ಯಾರು ಬಿದ್ದದ್ದು?" ಎಂದು ಗಾಬರಿಯಾದರು. ನೋವಿಗೆ ಕಾರಣವೇ ಗೊತ್ತಿಲ್ಲದೆ ನರಳಿದರು. ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಿಚಿ ಮಡಿಚಿ ಇಲ್ಲದ ಸೂಜಿಯಿಂದ ಹೊಲಿಯುತ್ತಿದ್ದರು. ಎಂಟನೇ ದಿನ ನನ್ನ ಕೈ ಹಿಡಿದು, "ಆ ಟೈಲರು ಉಂಡನಾ ನೋಡು. ಅವನಿಗೆ ಯಾರೂ ಇಲ್ಲ" ಎಂದರು. ಅಷ್ಟು ಹೇಳಿದವರು ಮತ್ತೆ ಮಾತಾಡಲಿಲ್ಲ.

ಅತ್ತೆ ಸತ್ತರು ಎಂದು ಹೇಳಿದಾಗ ಇವರು ತಲೆಯಾಡಿಸಿ, ಹಾಳೆಯ ಹತ್ತಿರ ಹೋಗಿ, ಅಮ್ಮ ಎಂದು ಇದ್ದ ಸಾಲುಗಳನ್ನೆಲ್ಲ ಸ್ಕೇಲಿಟ್ಟು ಹೊಡೆದುಹಾಕಿದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ನನ್ನ ಮೇಲೆಯೇ. ಡಾಕ್ಟರು ಬಿಡಿಸಿ ಹೇಳಿದ್ದರು, ನಾನು ಕೇಳಿಸಿಕೊಂಡಿದ್ದೆ, ಆದರೂ ನೆನಪು ಚೆನ್ನಾಗಿರುವ ಮನುಷ್ಯನನ್ನು ನಂಬಿದೆ. ಅತ್ತೆಯನ್ನು ಕೊಂದದ್ದು ನನ್ನ ಜಾಣತನ. ಇದನ್ನು ಯಾರೂ ನನ್ನ ಮುಂದೆ ಹೇಳಿಲ್ಲ, ಆದ್ದರಿಂದ ನಾನೇ ಹೇಳುತ್ತಿದ್ದೇನೆ.

ಈಗ ಮನೆಯಲ್ಲಿ ನಾವಿಬ್ಬರೇ. ಕೆಲಸ ಬಿಡುವಂತಿಲ್ಲ, ಹೋಗುತ್ತೇನೆ. ಹೊಸ ಹಾಳೆ ಬರೆದಿದ್ದೇನೆ, ಅದರಲ್ಲಿ ಇರುವುದೆಲ್ಲ ಅವರದೇ ಊಟ, ಅವರದೇ ಸ್ನಾನ. ಹೋದ ಭಾನುವಾರ ಬಟ್ಟೆ ಒಗೆದು ಏಳುವಾಗ ತಲೆ ಸುತ್ತಿತು. ಬಚ್ಚಲಲ್ಲೇ ಕುಸಿದುಬಿಟ್ಟೆ. ಕಣ್ಣು ಮಂಜಾಗಿತ್ತು, ಪ್ರಜ್ಞೆ ಇತ್ತು. ಇವರು ಬಂದರು. ನನ್ನನ್ನು ದಾಟಿ ಹೋಗಿ ಕೈ ತೊಳೆದುಕೊಂಡರು, ಟವೆಲಿನಲ್ಲಿ ಒರೆಸಿಕೊಂಡರು, ಮತ್ತೆ ದಾಟಿ ಹೊರಗೆ ಹೋದರು. ದಾಟುವಾಗ ನನ್ನನ್ನು ತುಳಿಯದ ಹಾಗೆ ಜೋಪಾನವಾಗಿ ಕಾಲು ಎತ್ತಿಟ್ಟರು.

ಹೇಗೋ ಎದ್ದೆ. ಗೋಡೆ ಹಿಡಿದುಕೊಂಡು ಬಂದು, ಹಾಳೆಯ ಕೊನೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ: ನಾನು ಬಿದ್ದರೆ ತಕ್ಷಣ ಪಕ್ಕದ ಮನೆಗೆ ಹೋಗಿ ಕರೆಯುವುದು. ಇವರನ್ನು ಕರೆದು ಎರಡು ಸಲ ಓದಿಸಿದೆ. ಇವರು ಮಾಡುತ್ತೇನೆ ಎಂದು ತಲೆಯಾಡಿಸಿದರು. ಆಮೇಲೆ ಆ ಸಾಲಿನ ಎಡಗಡೆ ಖಾಲಿ ಇದ್ದ ಜಾಗದ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದರು.

"ಇಲ್ಲಿ ಟೈಮ್ ಬರೆದಿಲ್ಲ. ಎಷ್ಟು ಗಂಟೆಗೆ ಬೀಳ್ತೀಯ?"